ಹಗ್ಗದ ಲೈನು, ಮನೆಯ ಲೈನು

ಎಸ್ಟೇಟಿನ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನ ಹತ್ತಿರ ಬಂದು, ಏನೇನು ಕಲಿತಿರಬೇಕು ಎಂದು ಕೇಳುತ್ತಾರೆ. ಇಂಗ್ಲಿಷ್ ಬಾರದೆಂದು ಅಳುಕುವವರೇ ಹೆಚ್ಚು. ಅವರಿಗೆ ನಾನು ಹೇಳುವುದು ಇಷ್ಟೆ: ಇಂಗ್ಲಿಷಿನ ಒಂದು ಮಾತನ್ನು ಸರಿಯಾಗಿ ತಿಳಿದುಕೊಂಡರೆ ನಿಮ್ಮ ಅರ್ಧ ಕೆಲಸ ಆದಂತೆ. ಆ ಮಾತು ಲೈನ್.

ಬೆಳಿಗ್ಗೆ ಹಾಜರಿಗೆ ನಿಲ್ಲುವುದು ಲೈನ್. ಕೂಲಿಯವರು ಸಂಸಾರ ಮಾಡುವ ಮನೆಗಳ ಸಾಲು ಲೈನ್. ಗಿಡ ನೆಡುವ ಮೊದಲು ಹಗ್ಗ ಹಿಡಿದು ಗೂಟ ಹೊಡೆಯುವುದು ಲೈನ್. ಸಕಲೇಶಪುರದಿಂದ ಹೊತ್ತಿಗೆ ಸರಿಯಾಗಿ ಬರಬೇಕಾದ, ಎಂದೂ ಹಾಗೆ ಬಾರದ ಬಸ್ಸು ಲೈನ್ ಬಸ್ಸು. ಬಂಗಲೆಯಲ್ಲಿ ಫೋನು ಹಿಡಿದ ಮ್ಯಾನೇಜರು ಲೈನ್ ಇಲ್ಲ ಎಂದರೆ ಎಲ್ಲೋ ತಂತಿಯ ಮೇಲೆ ಮರ ಬಿದ್ದಿದೆ ಎಂದರ್ಥ. ಆಮೇಲಾಮೇಲೆ ರೈಲಿನವರು ಕೆಂಪು ಬಾವುಟ ನೆಟ್ಟುಕೊಂಡು ಗುಡ್ಡ ಗುಡ್ಡ ಅಲೆದರಲ್ಲ, ಅದೂ ಲೈನೇ. ಹೆಣ್ಣು ಕೊಡುವವರು ಹುಡುಗನ ಬಗ್ಗೆ ಕೇಳುವಾಗಲೂ, ಯಾವ ಲೈನಲ್ಲಿದ್ದಾನೆ ಎನ್ನುತ್ತಾರೆ. ನನ್ನ ಮಾವನವರು ಹಾಗೆ ಕೇಳಿದಾಗ ನಮ್ಮಪ್ಪ, ಎಲ್ಲಾ ಲೈನಲ್ಲೂ ಇದ್ದಾನೆ ಎಂದು ಹೇಳಿ ಮದುವೆಯನ್ನು ಕೆಡಿಸುವುದರಲ್ಲಿದ್ದರು.

ಇಷ್ಟೂ ಅರ್ಥಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಯಾರು ಹೇಳುತ್ತಿದ್ದಾರೆ, ಹೇಳುವಾಗ ಅವರ ಕಣ್ಣು ಎಲ್ಲಿದೆ ಎಂದು ನೋಡಿದರೆ ಸಾಕು. ಮ್ಯಾನೇಜರು ಲೈನ್ ಎಂದಾಗ ಅವರ ಕಣ್ಣ ಮುಂದೆ ಇರುತ್ತಿದ್ದುದು ನಕ್ಷೆ. ಹಗ್ಗ ಹಿಡಿಯುವವನ ಕಣ್ಣ ಮುಂದೆ ಗೂಟ. ದಿನವಿಡೀ ಕಳೆ ಕಿತ್ತು ಬಂದ ಹೆಂಗಸಿನ ಕಣ್ಣ ಮುಂದೆ ಒಲೆ, ಸೋರುವ ಮಾಡು, ಮಲಗಿದ ಮಗು. ಮೂವರೂ ಒಂದೇ ಮಾತು ಆಡುತ್ತಾರೆ, ಮೂವರಿಗೂ ಬೇಕಾದದ್ದು ಬೇರೆ. ಯಾರಿಗೆ ಏನು ಬೇಕು ಎಂದು ತಿಳಿದವನು ಚೌಕಾಸಿ ಮಾಡಬಲ್ಲ. ನಾನು ಮೂವತ್ತು ವರ್ಷ ಮಾಡಿದ್ದು ಅದನ್ನೇ.

ನಾನು ಆಲೂರು ತಾಲ್ಲೂಕಿನವನು. ನಾಲ್ಕನೇ ಕ್ಲಾಸಿಗೆ ಓದು ಮುಗಿದಿತ್ತು. ಹತ್ತೊಂಬತ್ತು ತುಂಬುವ ಹೊತ್ತಿಗೆ ಬೆಳಗೋಡಿನ ಹತ್ತಿರದ ಒಂದು ತೋಟದಲ್ಲಿ ಗೂಟ ಹೊಡೆಯುವ ಕೆಲಸಕ್ಕೆ ಸೇರಿದೆ. ಅಲ್ಲಿ ಹಗ್ಗದ ಯಜಮಾನಿಕೆ ಮಲ್ಲಣ್ಣನದು. ತೆಳ್ಳಗಿನ ಆಳು, ಒಂದು ಕಣ್ಣಿನಲ್ಲಿ ಹೂವು ಬಿದ್ದಿತ್ತು. ಇನ್ನೊಂದು ಕಣ್ಣಿನಿಂದ ನೋಡಿ, ನೂರು ಮಾರು ದೂರದ ಗೂಟ ಎರಡು ಬೆರಳು ಆಚೆಗಿದೆ ಎಂದು ಹೇಳುತ್ತಿದ್ದ. ಮೂಲೆ ಮಟ್ಟಕ್ಕೆ ಮೂರು, ನಾಲ್ಕು, ಐದು ಮಾರಿನ ಹಗ್ಗವನ್ನು ತ್ರಿಕೋನವಾಗಿ ಹಿಡಿಯುವುದು, ಹಗ್ಗದ ಎಳೆಗೆ ಆರಡಿಗೊಂದು ಗುರುತಿನ ಕೆಂಪು ಬಟ್ಟೆಯ ಚೂರು ಹೊಸೆಯುವುದು, ಗೂಟವನ್ನು ನೆಟ್ಟಗೆ ಹೊಡೆಯುವುದು, ಎಲ್ಲವನ್ನೂ ಅವನಿಂದ ಕಲಿತೆ. ಕಲಿಸುವಾಗ ಅವನು ಹೊಗಳಿದ್ದು ನನಗೆ ನೆನಪಿಲ್ಲ.

"ನಿನ್ ಕೈ ಪರವಾಗಿಲ್ಲ ಕಣೋ ಪುಟ್ಸಾಮಿ. ಬಾಯಿ ಒಂದೇ ಜಾಸ್ತಿ ಆಯ್ತು" ಎನ್ನುತ್ತಿದ್ದ.

ಬಾಯಿ ಜಾಸ್ತಿಯಾದದ್ದೇ ನನಗೆ ಅನ್ನ ಕೊಟ್ಟಿತು. ಹಗ್ಗ ಹಿಡಿಯುವವರು ಆಗ ಬೇಕಾದಷ್ಟು ಜನರಿದ್ದರು. ತೋಟದವರ ಎದುರು ನಿಂತು, ಈ ಇಳಿಜಾರಿಗೆ ಇಷ್ಟು ದಿನ ಬೇಕು, ಈ ಕಲ್ಲು ನೆಲಕ್ಕೆ ಇಷ್ಟು ಜನ ಬೇಕು ಎಂದು ಕಡ್ಡಿ ಮುರಿದಂತೆ ಹೇಳುವವರು ಇರಲಿಲ್ಲ. ಹೀಗಾಗಿ ಇಪ್ಪತ್ತಾರು ತುಂಬುವ ಮೊದಲೇ ನಾನು ಮೇಸ್ತ್ರಿಯಾದೆ. ನನ್ನೂರಿನ ಸುತ್ತಲ ಹದಿನೆಂಟು ಜನರ ಗ್ಯಾಂಗು ಕಟ್ಟಿಕೊಂಡು ವನಗೂರಿನ ಆಚೆಗಿನ ಒಂದು ಎಸ್ಟೇಟಿಗೆ ಹೋದೆ. ಅದರ ಹೆಸರು ಇಲ್ಲಿ ಬೇಡ. ಜೀಪು ಕೂಡ ಎರಡು ಸಲ ಉಸಿರು ತೆಗೆದುಕೊಂಡು ಹತ್ತುವ ಜಾಗ ಎಂದರೆ ಸಾಕು.

ಗ್ಯಾಂಗಿಗೆ ಹೆಸರಿಗೆ ನಾನು ಮೇಸ್ತ್ರಿ. ಅದನ್ನು ನಡೆಸುತ್ತಿದ್ದವಳು ತಿಮ್ಮಕ್ಕ. ನಲವತ್ತೈದರ ಹೆಂಗಸು. ಯಾರು ಎಷ್ಟು ಹೊತ್ತಿಗೆ ಏಳಬೇಕು, ಯಾರ ಮನೆಗೆ ಗಂಜಿ ಕಳಿಸಬೇಕು, ಯಾರು ಯಾರ ಜೊತೆ ಒಂದೇ ಸಾಲಿನಲ್ಲಿ ಕೆಲಸ ಮಾಡಿದರೆ ಜಗಳ ಬರುತ್ತದೆ, ಎಲ್ಲವೂ ಅವಳಿಗೆ ಗೊತ್ತು. ಅವಳ ಗಂಡ ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಡೋಲಿ ಕಟ್ಟಿ ಸಕಲೇಶಪುರದ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದೆವು. ವಾಪಸು ತಂದದ್ದು ಖಾಲಿ ಡೋಲಿಯನ್ನು. ಮಗಳು, ಅಳಿಯ, ಆರು ವರ್ಷದ ಮೊಮ್ಮಗಳು ಕೆಂಪಿ ಅವಳ ಜೊತೆಗಿದ್ದರು.

ನಮಗೆ ಕೊಟ್ಟ ಮನೆಗಳ ಲೈನು ಹಳ್ಳದ ಪಕ್ಕದಲ್ಲಿತ್ತು. ಹಳೆಯ ಬಿಳಿ ದೊರೆಗಳ ಕಾಲದಲ್ಲಿ ನೀರು ಹತ್ತಿರ ಇರಲಿ ಎಂದು ಅಲ್ಲಿ ಕಟ್ಟಿದ್ದರಂತೆ. ಜೂನ್ ಬಂತೆಂದರೆ ನೀರು ಹತ್ತಿರ ಇರುತ್ತಿರಲಿಲ್ಲ, ಒಳಗೇ ಇರುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂತರೆ ಅಂಗಿಯ ಮೇಲೆ ಹಸಿರು ಪಾಚಿ ಬರುತ್ತಿತ್ತು. ಸೌದೆ ಹೊತ್ತುವುದಿಲ್ಲ, ಕಂಬಳಿ ಒಣಗುವುದಿಲ್ಲ, ಮಕ್ಕಳ ಕೆಮ್ಮು ನಿಲ್ಲುವುದಿಲ್ಲ.

ಆ ವರ್ಷ ಕಾಫಿ ಕುಯ್ಲು ಮುಗಿಯುತ್ತ ಬಂದಾಗ ತಿಮ್ಮಕ್ಕ ಒಂದು ಸಂಜೆ ನನ್ನನ್ನು ಕರೆದು ಕೂರಿಸಿದಳು.

"ನೋಡು ಪುಟ್ಸಾಮಿ, ಈ ಮಳೆಗಾಲ ಈ ಲೈನಲ್ಲಿ ನಾವಿರಾಕಿಲ್ಲ. ಯುಗಾದಿಗೆ ಊರಿಗೆ ಹೊಂಟೋಯ್ತೀವಿ."

"ಊರಲ್ಲಿ ಏನೈತೆ ಅಂತ ಹೋಗ್ತೀಯ ತಿಮ್ಮಕ್ಕ?"

"ಏನೂ ಇಲ್ಲ. ಒಣಗಿದ ನೆಲ ಐತೆ. ಈ ಮಗೀನ ಎದೆ ಮೇಲೆ ಕಿವಿ ಇಟ್ಟು ನೋಡು, ಗೊರಗೊರ ಅಂತೈತೆ. ಗಂಡನ್ನ ಹೊತ್ಕೊಂಡು ಹೋದೆ. ಇವಳನ್ನೂ ಹೊತ್ಕೊಂಡು ಹೋಗಾ ಶಕ್ತಿ ನಂಗಿಲ್ಲ ಕಣಪ್ಪ."

ಅವಳು ಹೋದರೆ ಹದಿನೆಂಟು ಜನರೂ ಹೋಗುತ್ತಾರೆ. ನಾನು ಒಬ್ಬನೇ ಹಗ್ಗ ಹಿಡಿದುಕೊಂಡು ನಿಲ್ಲಬೇಕು. ಯುಗಾದಿಗೆ ಎರಡೂವರೆ ತಿಂಗಳಿತ್ತು. ಅಷ್ಟರೊಳಗೆ ಹೇಗಾದರೂ ಮಾಡಿ ಒಣ ನೆಲದಲ್ಲಿ ಹೊಸ ಮನೆಗಳ ಮಾತು ಪಕ್ಕಾ ಮಾಡಿಸಬೇಕು ಎಂದು ನಿಶ್ಚಯಿಸಿದೆ. ಹಾಗೆ ನಿಶ್ಚಯ ಮಾಡಿದವನು ಮೊದಲು ಮಾಡಿದ ಕೆಲಸವೇ ನನ್ನ ವೃತ್ತಿಯ ದೊಡ್ಡ ತಪ್ಪು.

ಎಸ್ಟೇಟಿನ ಮ್ಯಾನೇಜರು ಚಂಗಪ್ಪನವರು. ಕೊಡಗಿನವರು, ಮಿಲಿಟರಿಯಲ್ಲಿದ್ದು ಬಂದವರು, ಮೀಸೆ ಕೂಡ ಅಳತೆಯಲ್ಲಿ ಇರಬೇಕು ಎನ್ನುವ ಮನುಷ್ಯ. ಕೆಟ್ಟವರಲ್ಲ. ಬೈದರೆ ಎದುರಿಗೇ ಬೈಯುತ್ತಿದ್ದರು, ಆಮೇಲೆ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಆ ವರ್ಷ ಅವರು ಒಂದು ದೊಡ್ಡ ಗುಡ್ಡದ ಮಗ್ಗುಲನ್ನು ಹೊಸ ಕಾಫಿಗೆ ತೆರವು ಮಾಡಿಸಿದ್ದರು. ಲೈನ್ ಹೊಡೆಯುವ ಕೆಲಸ ನಮ್ಮ ಗ್ಯಾಂಗಿಗೆ ಬಂತು. ಇದನ್ನು ಚೆನ್ನಾಗಿ ಮಾಡಿ ತೋರಿಸಿ, ಸಾಹೇಬರು ಖುಷಿಯಲ್ಲಿದ್ದಾಗ ಮನೆಯ ಮಾತು ತೆಗೆಯುವುದು ಎಂದು ನನ್ನ ಲೆಕ್ಕ.

ಹಳೆಯ ಹಗ್ಗ ಸವೆದಿತ್ತು. ಸಕಲೇಶಪುರದ ಸಂತೆಗೆ ಹೋಗಿ ತೆಂಗಿನ ನಾರಿನ ಹೊಸ ಹಗ್ಗವನ್ನು ಅರ್ಧ ಗಂಟೆ ಚೌಕಾಸಿ ಮಾಡಿ ತಂದೆ. ಅಂಗಡಿಯ ಸಾಬರು ಕೊನೆಗೆ ಕೈ ಮುಗಿದು, "ಮಾರಾಯ, ಹಗ್ಗ ತಗೊಂಡು ಹೋಗು, ನನ್ನ ಜೀವ ಬಿಡು" ಎಂದರು. ಆ ಗೆಲುವಿನ ಅಮಲಿನಲ್ಲಿ ಮಲ್ಲಣ್ಣ ಕಲಿಸಿದ್ದ ಒಂದು ಪಾಠವನ್ನು ಬಿಟ್ಟುಬಿಟ್ಟೆ. ಹೊಸ ಹಗ್ಗವನ್ನು ಎರಡು ದಿನ ನೀರಲ್ಲಿ ನೆನೆಹಾಕಬೇಕು. ಆಮೇಲೆ ಎರಡು ಮರಗಳ ನಡುವೆ ಕಟ್ಟಿ, ನಡುನಡುವೆ ಕಲ್ಲು ತೂಗುಹಾಕಿ, ಒಂದು ವಾರ ಬಿಸಿಲು ಇಬ್ಬನಿ ತಿನ್ನಿಸಬೇಕು. ಗುರುತು ಹೊಸೆಯುವುದು ಅದಾದ ಮೇಲೆ. ನಾನು ತಂದ ಮರುದಿನವೇ ಗುರುತು ಹೊಸೆದು ಗುಡ್ಡ ಹತ್ತಿಸಿದೆ.

ನಾರಿನ ಹಗ್ಗ ಹಸಿಯಾದರೆ ಕುಗ್ಗುತ್ತದೆ, ಒಣಗಿದರೆ ಹಿಗ್ಗುತ್ತದೆ. ಆ ಗುಡ್ಡದಲ್ಲಿ ಬೆಳಿಗ್ಗೆ ಹತ್ತರವರೆಗೆ ಮಂಜು. ಮಧ್ಯಾಹ್ನ ಚುರುಗುಟ್ಟುವ ಬಿಸಿಲು. ಬೆಳಿಗ್ಗೆ ಹೊಡೆದ ಗೂಟಗಳ ನಡುವೆ ಒಂದು ಅಳತೆ, ಮಧ್ಯಾಹ್ನ ಹೊಡೆದವುಗಳ ನಡುವೆ ಇನ್ನೊಂದು ಅಳತೆ. ಆರಡಿಯಲ್ಲಿ ಎರಡು ಬೆರಳು ಹೆಚ್ಚು ಕಡಿಮೆಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಐವತ್ತು ಗೂಟ ದಾಟುವಷ್ಟರಲ್ಲಿ ಅದು ಒಂದು ಗಿಡದಷ್ಟು ದೂರವಾಗುತ್ತದೆ. ಹನ್ನೆರಡು ದಿನ ನಾವು ಹಾಡು ಹೇಳಿಕೊಂಡು ಗೂಟ ಹೊಡೆದೆವು. ಹತ್ತಿರದಿಂದ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ಹದಿಮೂರನೆಯ ದಿನ ಚಂಗಪ್ಪನವರು ನನ್ನನ್ನು ಎದುರು ಗುಡ್ಡಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ನೋಡಿದರೆ ಇಡೀ ಮಗ್ಗುಲು ಒಂದು ಹಾಳೆಯಂತೆ ಕಾಣುತ್ತದೆ. ಅವರು ಬೆರಳು ಮಾಡಿ ತೋರಿಸಿದರು.

"ಏನಯ್ಯಾ ಅದು?" ಎಂದರು.

"ಲೈನು ಸ್ವಾಮಿ."

"ನಮ್ಮ ರೆಜಿಮೆಂಟಿನಲ್ಲಿ ಒಬ್ಬ ಕುಡಿದು ಬಂದು ತಾನೇ ತಲೆ ಬಾಚಿಕೊಳ್ಳುತ್ತಿದ್ದ. ಅವನ ಬೈತಲೆ ಹೀಗೇ ಇರುತ್ತಿತ್ತು."

ಸಾಲುಗಳು ಮೇಲಿನಿಂದ ನೆಟ್ಟಗೆ ಬಂದು, ನಡುವೆ ಮುರಿದು, ಪಕ್ಕಕ್ಕೆ ಸರಿದು, ಮತ್ತೆ ಕೆಳಗೆ ಇಳಿದಿದ್ದವು. ಎಲ್ಲಿ ಮಂಜು ಸರಿದು ಬಿಸಿಲು ಬಂದಿತ್ತು ಎನ್ನುವುದನ್ನು ಸಾಲು ನೋಡಿಯೇ ಹೇಳಬಹುದಾಗಿತ್ತು.

ಹೊಸಬರು ಇದನ್ನು ಗಮನಿಸಬೇಕು. ತಪ್ಪು ಸಿಕ್ಕಿಬಿದ್ದಾಗ ಎರಡು ದಾರಿ ಇರುತ್ತದೆ: ಒಪ್ಪಿಕೊಳ್ಳುವುದು, ಇಲ್ಲವೆ ಬೇರೆ ಯಾವುದರದೋ ಮೇಲೆ ಹಾಕುವುದು. ಇಳಿಜಾರಿನ ಮೇಲೆ ಹಾಕಬಹುದು, ಆಳುಗಳ ಮೇಲೆ ಹಾಕಬಹುದು, ಮಂಜಿನ ಮೇಲೆ ಹಾಕಬಹುದು. ಹಾಗೆ ಮಾಡಿದವನ ಬಳಿ ಆಮೇಲೆ ಚೌಕಾಸಿಗೆ ಏನೂ ಉಳಿಯುವುದಿಲ್ಲ, ಯಾಕೆಂದರೆ ಅವನ ಮಾತಿಗೆ ಬೆಲೆ ಹೋಗಿರುತ್ತದೆ.

"ಹಗ್ಗ ಹದ ಮಾಡ್ಲಿಲ್ಲ ಸ್ವಾಮಿ. ತಪ್ಪು ನಂದು. ಗ್ಯಾಂಗಿಂದಲ್ಲ" ಎಂದೆ.

"ತಪ್ಪು ಯಾರದ್ದಾದರೇನು? ಮಾರ್ಚಿಗೆ ಗುಂಡಿ ತೋಡಬೇಕು. ನರ್ಸರಿಯಲ್ಲಿ ಸಸಿ ಕಾಯುತ್ತಿದೆ. ನಿನ್ನ ಗ್ಯಾಂಗ್ ಕರೆದುಕೊಂಡು ನಾಳೆ ಹೊರಡು. ಬೇರೆಯವರನ್ನು ನೋಡುತ್ತೇನೆ."

ಅವರು ಹೇಳಿದ್ದನ್ನು ನಾನು ಮನಸ್ಸಿನಲ್ಲಿ ಬಿಡಿಸಿ ನೋಡಿದೆ. ಮಾರ್ಚಿಗೆ ಗುಂಡಿ. ಸಸಿ ಕಾಯುತ್ತಿದೆ. ಅಂದರೆ ಅವರಿಗೆ ಆತುರವಿದೆ. ಕುಯ್ಲು ಮುಗಿದು ಎಲ್ಲರೂ ಊರಿಗೆ ಹೊರಡುವ ಹೊತ್ತಿನಲ್ಲಿ ಬೇರೆ ಗ್ಯಾಂಗು ಎಲ್ಲಿ ಸಿಗುತ್ತದೆ? ಇನ್ನೊಂದು ವಿಷಯವೂ ನನಗೆ ಗೊತ್ತಿತ್ತು. ಕೂಲಿಯವರ ಮನೆಗಳ ಬಗ್ಗೆ ಸರ್ಕಾರದ ಹೊಸ ಕಾನೂನು ಬಂದು, ಹಾಸನದಿಂದ ಇನ್ಸ್‌ಪೆಕ್ಟರು ಒಂದು ಸಲ ಬಂದು ಹಳ್ಳದ ಲೈನನ್ನು ನೋಡಿ ಮೂಗು ಮುಚ್ಚಿಕೊಂಡು ಹೋಗಿದ್ದರು. ಅಂದರೆ ಇವತ್ತಲ್ಲ ನಾಳೆ ಮನೆ ಕಟ್ಟುವುದು ಅವರಿಗೂ ತಪ್ಪುವುದಿಲ್ಲ. ಎದುರಿನವನಿಗೆ ಹೇಗಿದ್ದರೂ ಮಾಡಬೇಕಾದ ಕೆಲಸವನ್ನು ನಮಗಾಗಿ ಮಾಡುವಂತೆ ಕೇಳುವುದೇ ಒಳ್ಳೆಯ ಚೌಕಾಸಿ.

"ಸ್ವಾಮಿ, ಒಂದು ಮಾತು. ಈ ಗೂಟ ಎಲ್ಲಾ ಕಿತ್ತು ಹಾಕ್ತೀವಿ. ಹೊಸದಾಗಿ ಹೊಡೀತೀವಿ, ಅದೂ ನೆಟ್ಟಗೆ ಕೆಳಗಿಳಿಯೋ ಲೈನಲ್ಲ. ಗುಡ್ಡಕ್ಕೆ ಅಡ್ಡಡ್ಡ, ನೀರಿನ ಮಟ್ಟಕ್ಕೆ. ಮಣ್ಣು ಕೊಚ್ಕೊಂಡು ಹೋಗಲ್ಲ."

ಚಂಗಪ್ಪನವರು ನನ್ನತ್ತ ತಿರುಗಿದರು. ಆ ಕ್ರಮ ಆಗಷ್ಟೇ ಬರುತ್ತಿತ್ತು. ಕಾಫಿಯ ಬಗ್ಗೆ ಸಲಹೆ ಕೊಡುವ ಅಧಿಕಾರಿಗಳು ಬಂದು ಹೇಳಿ ಹೋಗಿದ್ದರು, ಮಾಡುವವರು ಇರಲಿಲ್ಲ.

"ಅದಕ್ಕೆ ಮಟ್ಟ ನೋಡುವ ಟ್ರೇಸರ್ ಕೊಳವೆ ಹಿಡಿಯಲು ಗೊತ್ತಿರಬೇಕು" ಎಂದರು.

"ಘಾಟಿ ರಸ್ತೆ ಕೆಲಸದಲ್ಲಿ ಒಂದು ಬೇಸಿಗೆ ಅದನ್ನ ಹಿಡಿದಿದ್ದೆ ಸ್ವಾಮಿ. ನಿಮ್ಮ ಸ್ಟೋರಿನ ಮೂಲೇಲಿ ಒಂದು ಬಿದ್ದೈತೆ, ಹಳೇ ದೊರೆ ಕಾಲದ್ದು. ಇಪ್ಪತ್ತು ದಿನ ಕೊಡಿ. ನೀವೇ ಬಂದು ನಿಮಗೆ ಬೇಕಾದ ಮೂರು ಸಾಲು ಆರಿಸಿ, ಟ್ರೇಸರ್ ಇಟ್ಟು ನೋಡಿ. ಒಂದು ಗೂಟ ತಪ್ಪಿದ್ರೆ ನಾವು ಅವತ್ತೇ ಜಾಗ ಖಾಲಿ ಮಾಡ್ತೀವಿ, ಆಮೇಲೆ ಕುಯ್ಲಿಗೂ ಕರೀಬೇಡಿ. ಸರಿ ಇದ್ರೆ ಮಳೆಗಾಲಕ್ಕೆ ಮೊದ್ಲು ಗ್ಯಾಂಗಿಗೆ ಹೊಸ ಮನೆ ಕಟ್ಟಿಸಿಕೊಡಿ. ಕಲ್ಲಿನ ಗೋಡೆ, ಹೆಂಚು."

ಅವರು ಮೀಸೆಯ ಒಂದು ತುದಿಯನ್ನು ತಿರುವಿದರು. "ಆಗಲಿ."

"ಎರಡು ಲೈನ್ ಬರೆದುಕೊಡಿ ಸ್ವಾಮಿ."

"ನನ್ನ ಮಾತು ಸಾಲದಾ?"

"ಸಾಲ್ತದೆ. ಆದ್ರೆ ನೀವು ರಜಕ್ಕೆ ಮಡಿಕೇರಿಗೆ ಹೋದ್ರೆ ನಿಮ್ಮ ಮಾತೂ ನಿಮ್ಮ ಜೊತೆ ಹೋಗ್ತದೆ. ಚೀಟಿ ಇಲ್ಲೇ ಇರ್ತದೆ."

ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಜೇಬಿನ ಪುಸ್ತಕದಿಂದ ಹಾಳೆ ಹರಿದು ಬರೆದುಕೊಟ್ಟರು.

ಹೆಮ್ಮೆಯಿಂದ ಎದೆ ಉಬ್ಬಿಸಿಕೊಂಡು ಹಳ್ಳದ ಲೈನಿಗೆ ಬಂದೆ. ಎಲ್ಲರನ್ನೂ ಸೇರಿಸಿ ಚೀಟಿ ಓದಿದೆ. ಯಾರೂ ಖುಷಿಪಡಲಿಲ್ಲ. ತಿಮ್ಮಕ್ಕ ಅಕ್ಕಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಅಂದ್ರೆ ನಮ್ಮುನ್ನೆಲ್ಲಾ ಪಣಕ್ಕಿಟ್ಟು ಬಂದಿದ್ದೀಯ. ಒಂದು ಮಾತು ಕೇಳಿದ್ಯಾ?"

"ನಿಮಗೋಸ್ಕರಾನೇ ಕಣೆ ತಿಮ್ಮಕ್ಕ..."

"ನಮಗೋಸ್ಕರ ಅಂತೀಯ, ನಮ್ಮುನ್ನ ಬಿಟ್ಟು ಮಾತಾಡ್ತೀಯ. ಗೂಟ ತಪ್ಪಿದ್ರೆ ಈ ಮಗೀನ ಕಟ್ಕೊಂಡು ಬೀದಿಗೆ ಬೀಳೋಳು ನಾನು. ನೀನು ಇನ್ನೊಂದು ತೋಟದಲ್ಲಿ ಹಗ್ಗ ಹಿಡೀತೀಯ."

ಅವಳು ಹೇಳಿದ್ದು ನಿಜವಾಗಿತ್ತು. ಬೇರೆಯವರ ಪರವಾಗಿ ಮಾತಾಡುವ ಮೊದಲು ಅವರನ್ನು ಕೇಳಬೇಕು ಎನ್ನುವುದು ಅಂದಿನಿಂದ ನನ್ನ ನಿಯಮ.

ಅವಳು ಮೊರವನ್ನು ಪಕ್ಕಕ್ಕೆ ಸರಿಸಿ, "ಆ ಚೀಟೀನ ಇನ್ನೊಂದ್ಸಲ ಓದು" ಎಂದಳು. ಓದಿದೆ. "ಮನೆ ಅಂತ ಬರೆದವ್ರೆ. ಎಲ್ಲಿ ಅಂತ ಐತಾ?"

ಇರಲಿಲ್ಲ. ಅರ್ಧ ಗಂಟೆ ಹಗ್ಗಕ್ಕೆ ಚೌಕಾಸಿ ಮಾಡಿದವನು ಮನೆಯ ಜಾಗವನ್ನು ಬರೆಸಿಕೊಂಡಿರಲಿಲ್ಲ.

"ಸ್ಟೋರಿನ ಹಿಂದೆ ಕಟ್ಟಿಸ್ತಾರೆ ನೋಡು. ಹಾಜರಿಗೆ ಹತ್ರ ಅಂತ. ಅಲ್ಲೂ ನೆಲ ಜೌಗೇಯ. ಏಳು, ಬಂಗಲೆಗೆ ಹೋಗನ. ನಾನೂ ಬತ್ತೀನಿ."

ಬಂಗಲೆಯ ಮೆಟ್ಟಿಲ ಕೆಳಗೆ ಇಬ್ಬರೂ ನಿಂತೆವು. ಚಂಗಪ್ಪನವರು ಕಾಫಿ ಕುಡಿಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ತಿಮ್ಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮನೆ ಜಾಗ ನಾವು ತೋರಿಸ್ತೀವಿ ಬುದ್ಧಿ. ಅದನ್ನೂ ಬರೀರಿ" ಎಂದಳು.

"ಯಾವ ಜಾಗ?"

"ಮೇಲೆ ದಿಣ್ಣೆ. ಮಳೇಲಿ ನಿಮ್ಮ ಎತ್ತುಗಳು ಹುಲ್ಲು ಮೇಯ್ದು ಎಲ್ಲಿ ಹೋಗಿ ಮಲಗ್ತವೆ, ಅದೇ ಜಾಗ. ಎತ್ತು ಹಸಿ ನೆಲದಲ್ಲಿ ಮಲಗಾಕಿಲ್ಲ. ಅವಕ್ಕೆ ನಮಗಿಂತ ಬುದ್ಧಿ ಐತೆ."

"ಅಲ್ಲಿಂದ ಹಾಜರಿಗೆ ಬರಲು ಕಾಲು ಗಂಟೆ ಬೇಕು."

"ಕಾಲು ಗಂಟೆ ಮುಂಚೆ ಏಳ್ತೀವಿ. ಜ್ವರ ಬಂದು ಮಲಗಿದ್ರೆ ಹಾಜರಿಗೆ ಬರೋದೇ ಇಲ್ವಲ್ಲ."

ಚಂಗಪ್ಪನವರು ನನ್ನ ಕಡೆ ನೋಡಿ, "ಈ ಗ್ಯಾಂಗಿಗೆ ಮೇಸ್ತ್ರಿ ಯಾರಯ್ಯ?" ಎಂದರು. ಆದರೆ ಚೀಟಿ ತೆಗೆದುಕೊಂಡು ಮೂರನೆಯ ಲೈನನ್ನೂ ಬರೆದರು.

ಮರುದಿನ ನಾನು ಮಲ್ಲಣ್ಣನನ್ನು ನೋಡಲು ಬೆಳಗೋಡಿಗೆ ಹೋದೆ. ಹದವಾದ ಹಳೆಯ ಹಗ್ಗವನ್ನು ಕೇಳಿ ತರಬೇಕೆಂದು. ಆಗ ಅವನು ಕೆಲಸ ಬಿಟ್ಟು ಮನೆಯಲ್ಲಿದ್ದ. ನನ್ನ ಕತೆಯನ್ನು ಕೇಳಿ ಬಹಳ ಹೊತ್ತು ನಕ್ಕ, ಕೆಮ್ಮಿದ, ಮತ್ತೆ ನಕ್ಕ.

"ಹಗ್ಗ ಕೊಡ್ತೀನಿ ಕಣೋ. ಆದ್ರೆ ಅಡ್ಡ ಲೈನು ಅಂತೀಯ. ಅದು ಗುಡ್ಡದ ಜೊತೆ ಬಾಗ್ತದೆ. ಹಗ್ಗ ಬಿಗಿದ್ರೆ ನೆಟ್ಟಗಾಗ್ಬುಡ್ತದೆ. ನಿಂಗೆ ಹಗ್ಗ ಯಾಕೆ? ಬಿದಿರು ಕಡಿ, ಆರಡಿ ಕೋಲು ಮಾಡು. ಮಂಜು ಬಂದ್ರೂ ಅಷ್ಟೇ ಉದ್ದ, ಬಿಸ್ಲು ಬಂದ್ರೂ ಅಷ್ಟೇ ಉದ್ದ."

ಅಡ್ಡ ಲೈನನ್ನು ಎಂದೂ ಹೊಡೆಯದ ಮುದುಕ ಕೂತಲ್ಲೇ ಅದರ ಗುಟ್ಟು ಹೇಳಿದ್ದ. ಹೊಸ ಕ್ರಮ ಬಂತೆಂದು ಹಳಬರನ್ನು ಮೂಲೆಗೆ ತಳ್ಳಬೇಡಿ.

ಗೂಟಗಳನ್ನೆಲ್ಲ ಕಿತ್ತೆವು. ನಮ್ಮ ಕೈಯಿಂದ ಹೊಡೆದದ್ದನ್ನು ನಮ್ಮ ಕೈಯಿಂದಲೇ ಕೀಳುವುದು ಹೊಡೆಯುವುದಕ್ಕಿಂತ ಕಷ್ಟ. ಆಮೇಲೆ ಗುಡ್ಡದ ಅತಿ ಕಡಿದಾದ ಕಡೆ ಮೇಲಿನಿಂದ ಕೆಳಕ್ಕೆ ಒಂದು ಸಾಲು ಗೂಟ ಹೊಡೆದೆವು. ಅದು ಬುನಾದಿ. ಅದರ ಒಂದೊಂದು ಗೂಟದ ಬಳಿಯೂ ಟ್ರೇಸರ್ ಇಟ್ಟು, ಕೊಳವೆಯಲ್ಲಿ ಕಣ್ಣಿಟ್ಟು, ಎದುರಿನವನು ಹಿಡಿದ ಹಲಗೆ ಅದೇ ಮಟ್ಟಕ್ಕೆ ಬರುವವರೆಗೆ ಮೇಲೆ ಕೆಳಗೆ ಸರಿಸುವುದು. ಮಟ್ಟ ಸಿಕ್ಕಿದ ಕಡೆ ಗುರುತು. ಗುರುತಿನಿಂದ ಗುರುತಿಗೆ ಬಿದಿರು ಕೋಲು ಇಟ್ಟು ಗೂಟ. ಹಲಗೆ ಹಿಡಿದವಳು ತಿಮ್ಮಕ್ಕ. ಬೇರೆ ಯಾರಿಗೂ ಕೊಡಲಿಲ್ಲ. ಪಣ ಅವಳದು ಎಂದ ಮೇಲೆ ಹಲಗೆಯೂ ಅವಳದೇ. ನಾನು ಇಲ್ಲಿಂದ ಕೈ ಬೀಸುವುದು, ಅವಳು ಅಲ್ಲಿಂದ, "ಮೇಲಾ, ಕೆಳಗಾ, ಬಾಯಲ್ಲಿ ಹೇಳೋ, ನೊಣ ಓಡಿಸಿದಂಗೆ ಕೈ ಆಡಿಸ್ಬ್ಯಾಡ" ಎಂದು ಕೂಗುವುದು. ನಾಲ್ಕನೆಯ ದಿನಕ್ಕೆ ಅವಳ ಕಣ್ಣು ಎಷ್ಟು ಪಳಗಿತೆಂದರೆ, ನಾನು ಕೊಳವೆಯಲ್ಲಿ ನೋಡುವ ಮೊದಲೇ ಅವಳು ಮಟ್ಟದಲ್ಲಿ ನಿಂತಿರುತ್ತಿದ್ದಳು. ಕೆಂಪಿ ಸಂಜೆ ಬಂದು ಅಜ್ಜಿಯ ಸೆರಗು ಹಿಡಿದು ಕೂರುತ್ತಿದ್ದಳು. ಅವಳ ಕೆಮ್ಮು ಗುಡ್ಡದ ಈ ಕಡೆಗೂ ಕೇಳುತ್ತಿತ್ತು. ಕೇಳಿದಾಗಲೆಲ್ಲ ನಮ್ಮ ಕೈ ಚುರುಕಾಗುತ್ತಿತ್ತು.

ಹತ್ತೊಂಬತ್ತನೆಯ ದಿನಕ್ಕೆ ಮುಗಿಸಿದೆವು.

ಇಪ್ಪತ್ತನೆಯ ದಿನ ಬೆಳಿಗ್ಗೆ ಚಂಗಪ್ಪನವರು ಮೊದಲು ಎದುರು ಗುಡ್ಡಕ್ಕೆ ಹೋದರು. ನಾವು ಈಚೆ ನಿಂತು ಅವರ ಟೊಪ್ಪಿಗೆಯನ್ನೇ ನೋಡುತ್ತಿದ್ದೆವು. ಬಹಳ ಹೊತ್ತು ಅದು ಅಲುಗಲಿಲ್ಲ. ಆಮೇಲೆ ಇಳಿದು, ಹಳ್ಳ ದಾಟಿ, ಹತ್ತಿ ಬಂದರು. ಮುಖದಲ್ಲಿ ಏನೂ ತೋರಿಸಲಿಲ್ಲ. ಟ್ರೇಸರನ್ನು ತಾವೇ ಹಿಡಿದರು.

ಮೊದಲನೆಯ ಸಾಲು ಮೇಲಿನದು. ಒಂದೊಂದೇ ಗೂಟ ನೋಡಿದರು, ಸರಿಯಿತ್ತು. ಎರಡನೆಯದು ನಡುವಿನದು, ಗುಡ್ಡ ಮೊಣಕೈಯಂತೆ ಬಾಗುವ ಕಡೆ, ಅದೂ ಸರಿಯಿತ್ತು. ಮೂರನೆಯ ಸಾಲನ್ನು ತೀರಾ ಕೆಳಗೆ ಆರಿಸಿದರು. ಅರ್ಧ ದಾರಿಯಲ್ಲಿ ನಿಂತರು.

"ಇದು ಒಂದು ಗೇಣು ಮೇಲಿದೆ."

ನನ್ನ ಚೌಕಾಸಿಯ ಬಾಯಿ, ಬೇಕಾದಾಗ ಬರಲಿಲ್ಲ.

ತಿಮ್ಮಕ್ಕ ಮುಂದೆ ಬಂದಳು. ಕೈಯಲ್ಲಿದ್ದ ಹಾರೆಯನ್ನು ಎತ್ತಿ, ಮಟ್ಟದ ಗೂಟ ಎಲ್ಲಿರಬೇಕಿತ್ತೋ ಅಲ್ಲಿಗೆ ಬಲವಾಗಿ ಹೊಡೆದಳು. ಠಣ್ ಎಂದಿತು. ಮಣ್ಣು ಕೆರೆದಳು. ಕೆಳಗೆ ಕರಿ ಬಂಡೆ.

"ಬಂಡೆ ಮೇಲೆ ಗುಂಡಿ ತೋಡೋರು ಯಾರು ಬುದ್ಧಿ? ಅದ್ಕೇ ಒಂದು ಗೇಣು ಮೇಲೆ ಹಾಕಿಸ್ದೆ. ಹೊಡೆಸಿದ್ದು ನಾನು. ತಪ್ಪು ಅನ್ನೋದಾದ್ರೆ ಹೇಳಿ, ಬಂಡೆ ಮೇಲೇ ಹೊಡೆಸ್ತೀನಿ."

ಚಂಗಪ್ಪನವರು ಕೂತು ಬಂಡೆಯನ್ನು ಕೈಯಿಂದ ಮುಟ್ಟಿ ನೋಡಿದರು. ಅಕ್ಕಪಕ್ಕದ ಗೂಟಗಳನ್ನು ನೋಡಿದರು. ಎದ್ದು ಕೈಯ ಮಣ್ಣು ಕೊಡವಿಕೊಂಡರು. ಟ್ರೇಸರನ್ನು ನನ್ನ ಕೈಗೆ ಕೊಟ್ಟು, "ಕಲ್ಲಿನವರಿಗೆ ಹೇಳಿ ಕಳಿಸು. ದಿಣ್ಣೆಗೆ ಗಾಡಿ ಹೋಗುವ ದಾರಿ ಮಾಡಿಸು" ಎಂದರು. ಅಷ್ಟೇ. ಹೊಗಳಿಕೆ ಎನ್ನುವುದು ನನ್ನ ಮೇಲಿನವರಲ್ಲಿ ಯಾರಿಗೂ ಬರುತ್ತಿರಲಿಲ್ಲ, ಅದನ್ನು ನಾನೂ ನಿರೀಕ್ಷಿಸುತ್ತಿರಲಿಲ್ಲ. ಆದರೆ ಆಮೇಲೆ ಸುತ್ತಲಿನ ತೋಟಗಳ ಮ್ಯಾನೇಜರುಗಳು ಜೀಪಿನಲ್ಲಿ ಬಂದು ಎದುರು ಗುಡ್ಡದಲ್ಲಿ ನಿಂತು ಆ ಮಗ್ಗುಲನ್ನು ನೋಡಿ ಹೋಗುತ್ತಿದ್ದರು. ನನಗೆ ಕೆಲಸಕ್ಕೆ ಬರವಾಗಲಿಲ್ಲ. ಮೊದಲ ಮಳೆಯಲ್ಲಿ ಪಕ್ಕದ ಹಳೇ ತೋಟದಿಂದ ಕೆಂಪು ನೀರು ಹರಿದು ಹಳ್ಳ ಸೇರಿತು. ನಮ್ಮ ಗುಡ್ಡದಿಂದ ಬಂದದ್ದು ತಿಳಿಯಾಗಿತ್ತು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಬೆನ್ನು ನೆಟ್ಟಗಾಗುತ್ತದೆ.

ಯುಗಾದಿಗೆ ಯಾರೂ ಊರಿಗೆ ಹೋಗಲಿಲ್ಲ. ಗಂಡಸರು ಹಗಲು ಗುಂಡಿ ತೋಡಿ ಸಂಜೆ ಮನೆಗೆ ಕಲ್ಲು ಹೊತ್ತರು. ಹತ್ತು ಮನೆ ಎದ್ದವು. ಮಳೆಗಾಲಕ್ಕೆ ನಾಲ್ಕು ದಿನವಿರುವಾಗ ಹೆಂಚು ಹೊದಿಸಿ ಮುಗಿಸಿದರು. ಒಲೆ ಹೂಡುವ ದಿನ ನಾನು ಇನ್ನೊಂದು ತೋಟದ ಕೆಲಸಕ್ಕೆ ಹೋಗಿದ್ದೆ, ನೋಡಲು ಆಗಲಿಲ್ಲ.

ಜುಲೈ ನಡುವಿನಲ್ಲಿ, ಒಂದು ವಾರ ಬಿಡದೆ ಹೊಡೆದ ಮಳೆ ಸ್ವಲ್ಪ ಸಣ್ಣಗಾದಾಗ, ದಿಣ್ಣೆ ಹತ್ತಿದೆ. ಹೆಂಚಿನ ಸಂದಿಯಿಂದ ಹೊಗೆ ಬರುತ್ತಿತ್ತು. ಸೌದೆ ಹೊತ್ತಿತ್ತು ಎಂದರ್ಥ. ತಿಮ್ಮಕ್ಕ ಬಾಗಿಲಲ್ಲಿ ಕೂತು ರೊಟ್ಟಿಯ ಹಿಟ್ಟು ನಾದುತ್ತಿದ್ದಳು.

"ಬಾ. ಗೋಡೆ ಮುಟ್ಟಿ ನೋಡು" ಎಂದಳು.

ಮುಟ್ಟಿದೆ. ಒಣಗಿತ್ತು. ಕೆಳಗಿನವರೆಗೂ ಅಂಗೈ ಆಡಿಸಿದೆ. ನೆಲಕ್ಕೆ ಹತ್ತಿರ ಬಂದರೂ ಒಣಗಿತ್ತು. ಒಳಗೆ ಕೆಂಪಿ ಕಂಬಳಿ ಹೊದ್ದು ಮಲಗಿದ್ದಳು. ನಾನು ಸ್ವಲ್ಪ ಹೊತ್ತು ಅವಳ ಉಸಿರು ಕೇಳುತ್ತ ನಿಂತೆ. ಮಳೆಯ ಸದ್ದಿನಲ್ಲಿ ಅದು ಕೇಳಿಸಲೇ ಇಲ್ಲ. ಹಿಂದಿನ ವರ್ಷ ಇದೇ ಹೊತ್ತಿಗೆ ಹೊರಗಿನಿಂದಲೇ ಕೇಳುತ್ತಿತ್ತು.

"ಈ ಸಲ ಡೋಲಿ ಕಟ್ಟಲಿಲ್ಲ" ಎಂದಳು ತಿಮ್ಮಕ್ಕ, ಹಿಟ್ಟಿನಿಂದ ತಲೆ ಎತ್ತದೆ. "ಒಬ್ಬರಿಗೂ."

ನಾನು ಏನೋ ದೊಡ್ಡ ಮಾತು ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ. ಅವಳು ಬಿಡಲಿಲ್ಲ.

"ಆದ್ರೆ ನೀರು ಕೆಳಗೈತೆ, ನಾವು ಮೇಲಿದ್ದೀವಿ. ಕೊಡ ಹೊತ್ತು ಹೆಂಗಸರ ಸೊಂಟ ಬಿದ್ದೋಯ್ತೈತೆ. ಮೇಲಿನ ಒರತೆಯಿಂದ ಕೊಳವೆ ಹಾಕಿಸ್ಬೇಕು. ಸಾಹೇಬ್ರು ಬಂಗಲೇಲಿ ಅವ್ರಾ?"

"ಅವ್ರೆ. ನಾನು ನಾಳೆ ಹೋಗಿ ಮಾತಾಡ್ತೀನಿ ಬಿಡು."

"ನಾಳೆ ಯಾಕೆ, ಈಗ್ಲೇ ಹೋಗನ" ಎಂದು ಅವಳು ಕೈಯ ಹಿಟ್ಟು ಕೊಡವಿ ಎದ್ದು, ಗೂಟದಲ್ಲಿದ್ದ ಮಳೆಯ ಗೊರಬು ತೆಗೆದು ತಲೆಗೆ ಹಾಕಿಕೊಂಡಳು. "ನೀನು ಪಕ್ಕದಲ್ಲಿ ಸುಮ್ನೆ ನಿಂತ್ಕೋ. ಮಾತು ನಾನಾಡ್ತೀನಿ."

ನಾನು ಕೊಡೆ ಬಿಚ್ಚಿಕೊಂಡು ಅವಳ ಹಿಂದೆ ಇಳಿದೆ.